ಚಾಚಾನ ಗೋಣಿ, ನನ್ನ ಟರ್ಪಾಲು

ಸೌದಿಯ ಹಾಯಿಲ್‌ನಲ್ಲಿ ಜರಿಗಿಡ ಸಾಕುತ್ತಿದ್ದೇನೆ ಎಂದರೆ ಊರಿನಲ್ಲಿ ಎಲ್ಲರೂ ನಗುತ್ತಾರೆ. ಮರುಭೂಮಿಯಲ್ಲಿ ಜರಿಯೇ, ಅದೂ ಮರದಷ್ಟು ದೊಡ್ಡದೇ ಎಂದು ಕೇಳುತ್ತಾರೆ. ನಗಲಿ ಬಿಡಿ, ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ.

ನಮ್ಮ ಕಫೀಲ್‌ಗೆ, ಅಂದರೆ ನಮಗೆ ಕೆಲಸ ಕೊಟ್ಟ ಧಣಿಗೆ, ಊರ ಹೊರಗೊಂದು ತೋಟದ ಬಂಗಲೆ ಇದೆ. ಅಲ್ಲಿನ ಸಾಮಾನು, ಸ್ಟೋರು, ಲೆಕ್ಕಾಚಾರ ನನ್ನ ಪಾಲಿನ ಕೆಲಸ. ಧಣಿ ಎಲ್ಲೋ ವಿದೇಶದಲ್ಲಿ ಮರಜರಿ ನೋಡಿ ಮನಸೋತು, ಒಂದನ್ನು ತರಿಸಿ ಅಂಗಳದ ಉತ್ತರ ಗೋಡೆಯ ನೆರಳಿನಲ್ಲಿ ನೆಡಿಸಿದರು. ನಮ್ಮ ಕಡೆ ಬಾವಿಯ ಕಲ್ಲುಗಳ ಸಂದಿಯಲ್ಲಿ ಯಾರೂ ಕೇಳದೆ ಹುಟ್ಟುತ್ತದಲ್ಲ, ಅದೇ ಕುಲದ್ದು. ಆದರೆ ಇದಕ್ಕೆ ಆಳೆತ್ತರದ ಕಾಂಡ, ತಲೆಯ ಮೇಲೆ ಕೊಡೆ ಬಿಚ್ಚಿದ ಹಾಗೆ ಗರಿಗಳು. ಬೇಸಿಗೆಯಲ್ಲಿ ಅದಕ್ಕೆ ದಿನವಿಡೀ ಮಂಜಿನಂತೆ ನೀರು ಸಿಂಪಡಿಸುವ ಪೈಪು. ಚಳಿಗಾಲದಲ್ಲಿ ಅದಕ್ಕೆ ಚಾಚಾ.

ಚಾಚಾ ನಮ್ಮ ತೋಟದ ಮಾಲಿ. ಪಾಕಿಸ್ತಾನದ ಬೆಟ್ಟದ ಕಡೆಯವರು, ಅರವತ್ತು ದಾಟಿದ್ದರು, ಮೂವತ್ತು ವರ್ಷದಿಂದ ಇದೇ ದೇಶದಲ್ಲಿ ಮಣ್ಣು ಕೆದಕಿದವರು. ಅವರ ಉರ್ದು, ನನ್ನ ಮುರುಕು ಹಿಂದಿ, ಎರಡೂ ಸೇರಿ ಮಾತು ಹೇಗೋ ಸಾಗುತ್ತಿತ್ತು. ಹಿಮ ಬೀಳುವ ಊರಿನಲ್ಲಿ ಹುಟ್ಟಿದವರಿಗೆ ಚಳಿ ಎಂದರೆ ನೆಂಟ. ನಾನೋ ದಕ್ಷಿಣ ಕನ್ನಡದವ, ಹಾಯಿಲ್‌ಗೆ ಬರುವವರೆಗೆ ಸ್ವೆಟರ್ ಹಾಕಿದವನಲ್ಲ.

ಆ ವರ್ಷ ಚಳಿಗಾಲದ ಆರಂಭದಲ್ಲಿ ಚಾಚಾ ಮಗಳ ಮದುವೆಗೆಂದು ಎರಡು ತಿಂಗಳ ರಜೆ ಹಾಕಿದರು. ಹೊರಡುವ ಮುನ್ನ ಏಣಿ ಹತ್ತಿಸಿ, ನನ್ನ ಬೆರಳು ಹಿಡಿದು ಕಾಂಡದ ತುದಿಯ ಗುಂಡಿಯೊಳಗೆ ಇಡಿಸಿದರು. ಅಲ್ಲಿ ಕಂದು ಕೂದಲು ಹೊದ್ದ ಮೊಳಕೆಗಳು ಚಕ್ಕುಲಿಯಂತೆ ಸುತ್ತಿಕೊಂಡು ಮಲಗಿದ್ದವು.

“ಗರಿ ಹೋದರೆ ಹೋಗಲಿ ಬೇಟಾ, ಬೇರೆ ಬರುತ್ತದೆ. ಜೀವ ಇರುವುದು ಇಲ್ಲಿ. ಇದು ಹೋದರೆ ಎಲ್ಲ ಹೋಯಿತು” ಎಂದರು.

ಆ ಗುಂಡಿಗೆ ಒಣಹುಲ್ಲು ತುಂಬಿದರು. ಗರಿಗಳನ್ನು ಮೇಲೆತ್ತಿ ಕಟ್ಟಿ, ಸುತ್ತ ಗೋಣಿ ಸುತ್ತಿದರು. ಬಿಸಿಲಿದ್ದ ದಿನ ಮಧ್ಯಾಹ್ನ ಗೋಣಿಯ ತಲೆ ಬಿಚ್ಚಬೇಕು, ಬಿಸಿಲಿಳಿಯುವಾಗಿನ ಅಸರ್ ನಮಾಜಿನ ಹೊತ್ತಿಗೆ ಮುಚ್ಚಬೇಕು, ಇಷ್ಟೇ ನನ್ನ ಕೆಲಸ. “ಪ್ಲಾಸ್ಟಿಕ್ ಮಾತ್ರ ಮುಟ್ಟಿಸಬೇಡ. ಒಳಗೆ ಬೆವರುತ್ತದೆ, ಆ ಬೆವರೇ ಕೊಲ್ಲುತ್ತದೆ” ಎಂದು ಎರಡು ಸಲ ಹೇಳಿದರು. ನಾನು ಎರಡು ಸಲ ತಲೆಯಾಡಿಸಿದೆ.

ಅವರು ಹೋಗಿ ಹತ್ತು ದಿನಕ್ಕೆ ಮೋಡ ಕಟ್ಟಿತು. ಕರಾವಳಿಯವನಿಗೆ ಕಪ್ಪು ಮೋಡ ಕಂಡರೆ ಕೈ ಸುಮ್ಮನಿರುವುದಿಲ್ಲ. ಮಳೆಗಾಲಕ್ಕೆ ಮೊದಲು ಸೌದೆ, ಜಗಲಿ, ಬೈಕು ಎಲ್ಲದಕ್ಕೂ ಟರ್ಪಾಲು ಕಟ್ಟಿ ಬೆಳೆದವರು ನಾವು. ಅದರಲ್ಲೂ ನನ್ನ ತಂದೆ ಲಾರಿಗೆ ಟರ್ಪಾಲು ಬಿಗಿಯುವುದರಲ್ಲಿ ಊರಿಗೇ ಹೆಸರಾದವರು, ಅವರ ಗಂಟು ನನಗೂ ಬರುತ್ತಿತ್ತು. ಗೋಣಿ ನೆನೆದರೆ ಗಿಡ ಕೊಳೆಯದೇ? ಬೆಟ್ಟದ ಮುದುಕನಿಗೆ ಮಳೆಯ ಬಗ್ಗೆ ಏನು ಗೊತ್ತು? ಹಾಗೆಂದುಕೊಂಡು ಸ್ಟೋರಿನಿಂದ ನೀಲಿ ಪ್ಲಾಸ್ಟಿಕ್ ಟರ್ಪಾಲು ತಂದು, ಗೋಣಿಯ ಮೇಲೆ ಬುಡದಿಂದ ತಲೆಯವರೆಗೆ ಬಿಗಿದೆ. ನಮ್ಮ ಡ್ರೈವರ್, ಪುತ್ತೂರಿನ ಕಡೆಯವ, ಹಗ್ಗ ಹಿಡಿದು ನಿಂತಿದ್ದ. ಕೆಲಸ ಮುಗಿದ ಮೇಲೆ ಒಂದು ಫೋಟೋ ತೆಗೆದು ಹೆಂಡತಿಗೂ ಕಳಿಸಿದೆ. ಅಷ್ಟು ಹೆಮ್ಮೆ ನನಗೆ.

ಎರಡು ದಿನ ಮಳೆ ಬಂತು, ಒಂದು ಹನಿಯೂ ಒಳಗೆ ಹೋಗಲಿಲ್ಲ. ಮೂರನೆಯ ದಿನ ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಯಿತು. ಮರುದಿನ ಬೆಳಿಗ್ಗೆ ನೀರಿನ ಪೈಪು ಒಳಗೆಲ್ಲ ಹೆಪ್ಪುಗಟ್ಟಿ ಕೋಲಿನಂತೆ ಸೆಟೆದುಕೊಂಡಿತ್ತು. ಅಂಥ ಬೆಳಿಗ್ಗೆಗಳು ಆಮೇಲೆ ಎಷ್ಟೋ ಬಂದವು. ಬಿಚ್ಚಬೇಕೆಂದು ನೆನಪಾಗುತ್ತಿತ್ತು, ಅಷ್ಟು ಚೆನ್ನಾದ ಗಂಟು ಬಿಚ್ಚಲು ಮನಸ್ಸಾಗುತ್ತಿರಲಿಲ್ಲ. ಇದು ಸೋಮಾರಿಯ ನೆಪ ಎಂದು ಈಗ ಗೊತ್ತು.

ಚಾಚಾ ಬರಲು ವಾರವಿರುವಾಗ ಬಿಚ್ಚಿದೆ. ಹಳಸಿದ ವಾಸನೆ ಮುಖಕ್ಕೆ ಹೊಡೆಯಿತು. ಹುಲ್ಲು ಕಪ್ಪಾಗಿತ್ತು. ಗುಂಡಿಗೆ ಬೆರಳಿಟ್ಟರೆ ಕೊಳೆತ ಬಾಳೆದಿಂಡಿನೊಳಗೆ ಹೋದ ಹಾಗೆ ಮೆತ್ತಗೆ ಒಳಗೆ ಹೋಯಿತು.

“ಎಂತ ಮಾರಾಯ, ಇದು ಸತ್ತಿದೆಯಲ್ಲ!” ಎಂದ ಡ್ರೈವರ್. “ಚಾಚಾನ ಹತ್ರ ಹೇಳಿ ಬಿಡು. ಎಂತ ಮಾಡ್ತಾರೆ ಅವರು, ಹೊಡೀತಾರಾ?”

“ನೀನು ಬಾಯಿ ಮುಚ್ಚಿಕೊಂಡಿರು” ಎಂದು ರೇಗಿದೆ.

ಹೊಡೆಯುವವರಲ್ಲ, ಬೈಯುವವರೂ ಅಲ್ಲ. ನನಗೆ ಕಷ್ಟವಾದದ್ದು ಅದಲ್ಲ. ಬಾಯಿಬಿಟ್ಟು ಬೇಡ ಎಂದದ್ದನ್ನೇ ಮಾಡಿದವನು ಎಂಬ ಮುಖ ಹೊತ್ತು ಅವರೆದುರು ನಿಲ್ಲಲು ನನ್ನಿಂದಾಗಲಿಲ್ಲ. ಕೊಳೆತ ಹುಲ್ಲು ತೆಗೆದು ಹೊಸ ಹುಲ್ಲು ತುಂಬಿದೆ. ಗೋಣಿಯನ್ನು ಬಿಸಿಲಲ್ಲಿ ಒಣಗಿಸಿ, ಅವರು ಸುತ್ತಿದ್ದ ಹಾಗೆಯೇ ಸುತ್ತಿ, ಅವರ ಗಂಟನ್ನೇ ಹಾಕಿದೆ. ಟರ್ಪಾಲು ಮಡಚಿ ಸ್ಟೋರಿನ ಮೂಲೆಗೆ ತಳ್ಳಿದೆ.

ಚಾಚಾ ನನಗಾಗಿ ಒಂದು ಚೀಲ ಅಕ್ರೋಟು ತಂದಿದ್ದರು. ಚೀಲ ನನ್ನ ಕೈಗಿಟ್ಟು ನೇರ ಗಿಡದ ಹತ್ತಿರ ಹೋದರು. ಬಿಚ್ಚಿದರು. ಬಹಳ ಹೊತ್ತು ಬೆರಳು ಆ ಗುಂಡಿಯಲ್ಲೇ ಇತ್ತು. ಹುಲ್ಲು ಮೂಸಿದರು, ಗೋಣಿ ಮುಟ್ಟಿದರು, ಎಲ್ಲ ಒಣಗಿತ್ತು. ಆಮೇಲೆ ಏಣಿ ಇಳಿದು, “ನನ್ನದೇ ತಪ್ಪು ಬೇಟಾ. ಹುಲ್ಲು ಕಡಿಮೆ ಹಾಕಿದೆ. ನೀನು ಪಾಪ ಹೇಳಿದ ಹಾಗೇ ನೋಡಿಕೊಂಡಿದ್ದೀಯ” ಎಂದರು.

ಧಣಿಗೂ ಅದನ್ನೇ ಹೇಳಿದರು. ಧಣಿ ಸಿಟ್ಟು ಮಾಡಲಿಲ್ಲ, ಬೇರೆ ಗಿಡ ತರಿಸೋಣ ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ಮುಗಿದಿರಲಿಲ್ಲ. ಅಲ್ಲಿಂದ ಚಾಚಾ ಎಲ್ಲವನ್ನೂ ನನ್ನಲ್ಲಿ ಕೇಳತೊಡಗಿದರು. ದಾಳಿಂಬೆಯ ಕೊಂಬೆ ಹಿಡಿದು, “ಇಲ್ಲಿ ಕತ್ತರಿಸಲಾ?” ಎನ್ನುವರು. ಗುಲಾಬಿಗೆ ಗೊಬ್ಬರ ಹಿಡಿದು ನಿಂತು, “ಇಷ್ಟು ಸಾಕಾ?” ಎನ್ನುವರು. ಯಾರನ್ನೂ ಕೇಳಿ ಗೊತ್ತಿಲ್ಲದ ಮನುಷ್ಯ, ಸ್ಟೋರು ನೋಡುವ ನನ್ನನ್ನು ಕೇಳುತ್ತಿದ್ದರು. ಪ್ರತಿ ಸಲವೂ ನಿಮಗೇ ಗೊತ್ತಲ್ಲ ಚಾಚಾ ಎಂದು ಹೇಳಿ ಸ್ಟೋರಿಗೆ ನುಸುಳುತ್ತಿದ್ದೆ. ಆ ಬೇಸಿಗೆಯಲ್ಲಿ, ಕೈಗೆ ವಯಸ್ಸಾಯಿತು, ಇನ್ನು ಸಾಕು ಎಂದು ಕೆಲಸ ಬಿಟ್ಟು ಊರಿಗೆ ಮರಳಲು ಎಕ್ಸಿಟ್ ಹಾಕಿಸಿಕೊಂಡರು. ಏರ್‌ಪೋರ್ಟಿನವರೆಗೂ ಪಕ್ಕದಲ್ಲೇ ಕೂತಿದ್ದೆ. ಮುಂದಿನ ಸಿಗ್ನಲಿನಲ್ಲಿ ಹೇಳುತ್ತೇನೆ, ಅದರ ಮುಂದಿನದರಲ್ಲಿ ಹೇಳುತ್ತೇನೆ ಎನ್ನುತ್ತಿರುವಾಗಲೇ ಏರ್‌ಪೋರ್ಟು ಬಂತು.

ಹೊಸ ಮರಜರಿ ಬಂದಾಗ ಅದರ ಆರೈಕೆ ನನ್ನ ತಲೆಗೇ ಬಿತ್ತು. ಚಳಿ ಶುರುವಾಗುತ್ತಲೇ ಚಾಚಾನ ವಾಯ್ಸ್ ಮೆಸೇಜು: “ಬೇಟಾ, ನಾನು ಮಾಡಿದ ಹಾಗೆ ಮಾಡಬೇಡ. ಹುಲ್ಲು, ಗೋಣಿ ನಂಬಬೇಡ. ಪ್ಲಾಸ್ಟಿಕ್ಕೇ ಕಟ್ಟು.”

ನಾನು ಹುಲ್ಲು ತುಂಬಿದೆ, ಗೋಣಿ ಸುತ್ತಿದೆ. ಚಳಿಗಾಲವಿಡೀ ಒಂದು ದಿನವೂ ತಪ್ಪದೆ ಮಧ್ಯಾಹ್ನ ಬಿಚ್ಚಿದೆ, ಅಸರ್‌ಗೆ ಮುಚ್ಚಿದೆ. ಚಳಿ ಕಳೆದ ಮೇಲೆ ಗುಂಡಿಯಿಂದ ಐದು ಮೊಳಕೆಗಳು ಸುರುಳಿ ಬಿಚ್ಚಿ ಎದ್ದವು. ಅವನ್ನು ನೋಡಿ ಅಳು ಬಂತು ಎಂದರೆ ಸುಳ್ಳಲ್ಲ. ಫೋಟೋ ತೆಗೆದು ಚಾಚಾಗೆ ಕಳಿಸಿದೆ. ಇವತ್ತು ಹೇಳಿಯೇ ಬಿಡುವುದು ಎಂದು ಕೂತು ಬರೆಯತೊಡಗಿದೆ: ಇದು ನಿಮ್ಮ ಗೋಣಿ, ನಿಮ್ಮ ಹುಲ್ಲು, ಅವತ್ತು ಕೊಂದದ್ದು ನನ್ನ ಟರ್ಪಾಲು.

ಬರೆದು ಮುಗಿಸುವ ಮೊದಲೇ ಅವರ ದನಿ ಬಂತು. ನಗುತ್ತಿದ್ದರು. “ವಾಹ್ ಬೇಟಾ! ಪ್ಲಾಸ್ಟಿಕ್ ಕಟ್ಟಿದೆ ತಾನೇ? ನೋಡು, ಮೂವತ್ತು ವರ್ಷ ನಾನು ತಪ್ಪನ್ನೇ ಮಾಡುತ್ತಾ ಬಂದೆ.”

ಬರೆದದ್ದನ್ನೆಲ್ಲ ಅಳಿಸಿದೆ. “ಹೌದು ಚಾಚಾ” ಎಂದು ಕಳಿಸಿದೆ.