ವ್ಯಾಸರಾಯರು ಒಪ್ಪಿಕೊಂಡ ಗಾಡಿ

ಕೊಯಮತ್ತೂರಿನ ಒಪ್ಪಣಕ್ಕಾರ ಬೀದಿಗೆ ವ್ಯಾಸರಾಯರು ಕಾಲಿಟ್ಟರೆಂದರೆ ಅಲ್ಲಿನ ಜವಳಿ ಅಂಗಡಿಗಳ ಬಣ್ಣವೇ ಒಂದು ಸುತ್ತು ಇಳಿದುಹೋಗುತ್ತಿತ್ತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಗಿಳಿಹಸಿರು ತನ್ನ ಮಡಿಕೆಯೊಳಗೇ ಮುದುಡಿಕೊಳ್ಳುತ್ತಿತ್ತು. ರಾಣಿ ಗುಲಾಬಿ ಕಪಾಟಿನ ಹಿಂದಕ್ಕೆ ಸರಿಯುತ್ತಿತ್ತು. ಮಿಂಚುತ್ತಿದ್ದ ಜರಿ ನಾಚಿ ಕಪ್ಪಿಡುತ್ತಿತ್ತು. ಹಿಂದಿನ ರಾಜರು ಕತ್ತಿ ಬೀಸಿ ಮಾಡಿದ್ದನ್ನು ವ್ಯಾಸರಾಯರು ಒಂದೇ ಒಂದು ಇಂಗ್ಲಿಷ್ ಮಾತಿನಿಂದ ಮಾಡುತ್ತಿದ್ದರು. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ನೋಡುವ ಹಾಗೆ ನೋಡಿ, "ಗಾಡಿ" ಎನ್ನುವರು. ಆ ಸೀರೆಯ ಕಥೆ ಅಲ್ಲಿಗೆ ಮುಗಿಯಿತು.

ಕಣ್ಣಿಗೆ ರಾಚುವ ಬಣ್ಣಕ್ಕೆ, ಅಭಿರುಚಿಯಿಲ್ಲದ ಥಳಕಿಗೆ ಇಂಗ್ಲಿಷಿನವರು ಹೇಳುವ ಮಾತು ಅದು. ಅವರ ಬಾಯಲ್ಲಿ ಹೇಗೆ ಹೊರಡುತ್ತದೋ, ನಮ್ಮವರ ಬಾಯಿಗೆ ಬಂದಮೇಲೆ ಎತ್ತು ಕಟ್ಟುವ ಗಾಡಿಯೂ ಅದೇ, ಪೆಟ್ರೋಲು ಹಾಕುವ ಗಾಡಿಯೂ ಅದೇ. ಇದರಲ್ಲಿರುವ ಅಪಾಯ ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ.

ಪೀಳಮೇಡಿನ ಒಂದು ನೂಲಿನ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ವ್ಯಾಸರಾಯರ ಜೊತೆ, ಗಂಡನನ್ನು ಕಳೆದುಕೊಂಡ ತಂಗಿ ಸುಂದರಮ್ಮ, ಅವಳ ಮಗಳು ವನಮಾಲಾ ಇದ್ದರು. ಮನೆಯ ಅಭಿರುಚಿ ಖಾತೆ ಪೂರ್ತಿ ರಾಯರದು. ಪಕ್ಕದ ಮನೆಯ ಕ್ಯಾಲೆಂಡರು ಗಾಡಿ. ನಾಗಸ್ವರ ಊದುವವನ ಉಂಗುರಗಳು ಗಾಡಿ. ಮೆಟ್ಟುಪಾಳ್ಯದಿಂದ ಬಂದ ಬೀಟ್‌ರೂಟು, ಪಾಪ, ಹುಟ್ಟುತ್ತಲೇ ಗಾಡಿ. ಹೀಗಾಗಿ ವನಮಾಲಾ ಬೂದಿ, ಕಾಫಿ, ಮಾಸಲು ನೀಲಿಗಳಲ್ಲೇ ಬೆಳೆದು ದೊಡ್ಡವಳಾದಳು. ದೂರದಿಂದ ನೋಡಿದರೆ ಗೋಡೆಯೇ ಎದ್ದು ನಡೆದುಬಂದ ಹಾಗಿರುತ್ತಿತ್ತು. ಈಗಾಗಲೇ ಎರಡು ಕಡೆಯವರು ಬಂದು, ಬಜ್ಜಿ ತಿಂದು, "ಹುಡುಗಿ ಸ್ವಲ್ಪ ಡಲ್ಲು" ಎಂದು ಹೇಳಿ ಕೈ ತೊಳೆದುಕೊಂಡಿದ್ದರು.

ಎಂಬತ್ತೈದನೇ ಇಸವಿಯಲ್ಲಿ ಉಡುಮಲೈಪೇಟೆಯ ಗೋಪಾಲಕೃಷ್ಣರು ಹೆಂಡತಿ, ಮಗನೊಡನೆ ಹೆಣ್ಣು ನೋಡಲು ಬಂದ ದಿನ ಸುಂದರಮ್ಮ ಅಣ್ಣನನ್ನು ಅಡಿಗೆಮನೆಗೆ ಕರೆದು ಹೇಳಿದಳು: "ಅಣ್ಣಾ, ಇದೂ ತಪ್ಪಿಹೋದ್ರೆ ಇನ್ನು ನಾನು ಯಾರಿಗೂ ಬಜ್ಜಿ ಹಾಕೋಳಲ್ಲ. ನೀನು ಬಾಯಿ ಮುಚ್ಕೊಂಡು ಕೂತ್ಕೋ."

ಕೇಸರಿಬಾತು ಬರುವ ತನಕ ವ್ಯಾಸರಾಯರು ಮಾತು ಉಳಿಸಿಕೊಂಡರು. ಅದರ ಬಣ್ಣ ನೋಡಿ ಬಾಯಿ ತೆರೆದರು. ತಂಗಿ ಕಣ್ಣು ಬಿಟ್ಟಳು. ಒಂದು ಬಿಸಿ ಬಜ್ಜಿಯನ್ನು ಇಡಿಯಾಗಿ ತುರುಕಿಕೊಂಡು ಮಾತನ್ನು ಅದರ ಜೊತೆಗೇ ನುಂಗಿದರು. ಅಷ್ಟರಲ್ಲಿ ಬೂದಿ ಬಣ್ಣದ ಸೀರೆಯಲ್ಲಿ ವನಮಾಲಾ ಬಂದು ನಮಸ್ಕರಿಸಿದಳು.

"ಹುಡುಗಿ ಲಕ್ಷಣವಾಗಿದಾಳೆ," ಎಂದರು ವರನ ತಾಯಿ. "ಸೀರೆ ಮಾತ್ರ ರೊಂಬ ಸಿಂಪಲ್ಲು. ನಮ್ಮ ಕಡೆ ಮದುವೆ ಅಂದ್ರೆ ಕಣ್ಣಿಗೆ ಹೊಡೆಯೋ ಹಾಗಿರ್ಬೇಕು. ನಾಲ್ಕು ಜನ ನೋಡ್ಬೇಕಲ್ಲ."

ಸುಂದರಮ್ಮ ಅಣ್ಣನ ಮುಖ ನೋಡಿದಳು. ವ್ಯಾಸರಾಯರ ಎದೆಯೊಳಗೆ ಘೋರ ಯುದ್ಧ ನಡೆಯಿತು. ಕೊನೆಗೆ ಮುಖದ ಬೆವರು ಒರೆಸಿಕೊಂಡು ಅವರು ಎದ್ದು ನಿಂತರು.

"ಆಗ್ಲಿ. ಇಷ್ಟು ವರ್ಷ ಈ ಮನೆ ಒಳಗೆ ಬಿಟ್ಟೋನಲ್ಲ ನಾನು. ವನಮಾಲಾಗೋಸ್ಕರ ಹೇಳ್ತಿದೀನಿ, ಮದುವೇಗೆ ಗಾಡಿ ಒಪ್ಕೊಂಡೆ."

ಗೋಪಾಲಕೃಷ್ಣರ ಕೇಸರಿಬಾತು ದಾರಿಯಲ್ಲೇ ನಿಂತಿತು. "ರಾಯರೇ, ನಾವು ಬಾಯಿಬಿಟ್ಟು ಕೇಳೇ ಇಲ್ಲ."

"ಕೇಳ್ದೆ ಇದ್ರೂ ಮನಸ್ಸು ಗೊತ್ತಾಗುತ್ತಲ್ಲ."

ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯಲು ದಿನವೂ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದ ವರ ಅವತ್ತು ಮೊದಲ ಬಾರಿಗೆ ಮಾತಾಡಿದ. "ಯಾವ ಕಲರ್ ಮಾಮಾ?"

"ನಿಮಗೇನು ಇಷ್ಟ?"

"ನೀಲಿ."

"ನೀಲಿ ಸಾಲ್ದು. ಗಾಡಿ ಅಂದ್ಮೇಲೆ ಗಾಡಿ ಥರಾನೇ ಇರ್ಬೇಕು. ಕಿಳಿಪಚ್ಚೆ, ಒಳ್ಳೆ ಗಿಳಿಹಸಿರು."

"ಕಿಳಿಪಚ್ಚೇಲೂ ಬರುತ್ತಾ?"

"ಒಪ್ಪಣಕ್ಕಾರ ಬೀದೀಲಿ ರಾಶಿ ಬಿದ್ದಿದೆ."

ಸ್ಕೂಟರಿಗೆ ಹೆಸರು ಬರೆಸಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ರಾಶಿ ಬಿದ್ದಿದೆ ಎನ್ನುವವರು ಸಾಮಾನ್ಯ ಕುಳವಲ್ಲ ಎಂದುಕೊಂಡ ಗೋಪಾಲಕೃಷ್ಣರು ಎರಡೂ ಕೈ ಮುಗಿದು, ನಿಶ್ಚಯದ ದಿನವನ್ನು ಅಲ್ಲೇ ಗೊತ್ತುಮಾಡಿ ಹೊರಟರು.

ನಿಶ್ಚಯದ ದಿನ ವರನ ಕಡೆಯವರು ಹೂವು ಹಣ್ಣಿನ ತಟ್ಟೆಗಳ ಜೊತೆಗೆ ಚೆಂಡುಹೂವಿನ ಒಂದು ಹಾರವನ್ನೂ, ಚಕ್ರದ ಕೆಳಗಿಡಲು ನಿಂಬೆಹಣ್ಣುಗಳನ್ನೂ ತಂದಿದ್ದರು. ಗೆಳೆಯನ ಸ್ಕೂಟರಿನಲ್ಲಿ ಓಡಿಸುವುದನ್ನು ಕಲಿತುಕೊಂಡ ವರನ ಮೊಣಕೈಗೆ ಪ್ಲಾಸ್ಟರು ಬೇರೆ.

"ಮೊದ್ಲು ಗಾಡಿಗೆ ಪೂಜೆ ಆಗಿಬಿಡ್ಲಿ," ಎಂದರು ಗೋಪಾಲಕೃಷ್ಣರು. "ಎಲ್ಲಿ ನಿಲ್ಸಿದೀರಿ?"

ಪೂಜೆಯ ಮಾತು ವ್ಯಾಸರಾಯರಿಗೆ ಸ್ವಲ್ಪ ಅತಿಯೆನಿಸಿತು. ಆದರೂ ಎದುರಿಗಿದ್ದ ತಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಗಿಳಿಹಸಿರು ಮೈ, ರಾಣಿ ಗುಲಾಬಿ ಅಂಚು, ಸೆರಗಿನ ತುಂಬ ಜಗಳಕ್ಕೆ ನಿಂತಂಥ ಜರಿ ನವಿಲುಗಳು. "ಇದೇ," ಎಂದರು.

ಗೋಪಾಲಕೃಷ್ಣರು ತಟ್ಟೆಯ ಆಚೆ ಈಚೆ ಬಗ್ಗಿ ನೋಡಿದರು. "ಇದಕ್ಕೆ ಚಕ್ರ ಎಲ್ಲಿ?"

ಆಮೇಲೆ ಎದ್ದ ಗದ್ದಲ ಬೀದಿಯ ಕೊನೆಯ ಮನೆಗೂ ಕೇಳಿಸಿತು. "ಇಂಗ್ಲಿಷಿನ ಮಾತು ಸ್ವಾಮೀ, ಸೀರೆಗೆ ಹೇಳೋದು," ಎನ್ನುತ್ತಿದ್ದರು ವ್ಯಾಸರಾಯರು. "ಸೀರೆಗೆ ಯಾರಾದ್ರೂ ಗಾಡಿ ಅಂತಾರೇನ್ರೀ? ಮಾತು ಕೊಟ್ಟು ಆಟ ಆಡ್ತಾರೆ, ನಡೀರಿ," ಎಂದು ವರನ ತಾಯಿ ಚೀಲಕ್ಕೆ ಕೈ ಹಾಕಿದರು. ಸುಂದರಮ್ಮ ಬಾಗಿಲಿಗೆ ಅಡ್ಡ ನಿಂತಳು. ಮೂರನೆಯ ಸಂಬಂಧವೂ ಚಪ್ಪಲಿ ಹುಡುಕುತ್ತಿತ್ತು.

ಈ ನಡುವೆ ತಟ್ಟೆಯಲ್ಲಿದ್ದ ಸೀರೆ ಕಾಣೆಯಾದದ್ದನ್ನು ಯಾರೂ ಗಮನಿಸಲಿಲ್ಲ. ವನಮಾಲಾ ಅದನ್ನು ಉಟ್ಟುಕೊಂಡು ಹೊರಬಂದಳು. ಗೋಡೆಗೆ ದೀಪ ಹತ್ತಿಸಿದಂತಾಯಿತು.

"ಮಾಮಾ ಒಪ್ಕೊಂಡ ಗಾಡಿ ಇದೇ," ಎಂದಳು ನೇರವಾಗಿ ವರನಿಗೆ. "ಬೇರೆ ಗಾಡಿ ಬೇಕು ಅಂದ್ರೆ ಈಗ್ಲೇ ಹೊರಡಿ, ಉಡುಮಲೈಗೆ ಬಸ್ಸಿದೆ."

ವರ ಕೈಯಲ್ಲಿದ್ದ ನಿಂಬೆಹಣ್ಣುಗಳನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. "ಅಪ್ಪಾ, ಮಂಡಿಗೆ ಹೋಗೋಕೆ ಬಸ್ಸೇ ಸಾಕು. ಕೂತ್ಕೊಳ್ಳಿ."

"ಕೈ ಮುರ್ಕೊಳ್ಳೋ ಅಷ್ಟು ಕಲಿತ್ಯಲ್ಲೋ," ಎಂದರು ತಾಯಿ.

"ಕೈ ವಾಸಿಯಾಗುತ್ತಮ್ಮ."

ಗೋಪಾಲಕೃಷ್ಣರು ಕೂತರು. ತಾಂಬೂಲದ ತಟ್ಟೆ ಬದಲಾಯಿಸಿಕೊಂಡರು, ಮುಖ ಮಾತ್ರ ಬದಲಾಯಿಸಲಿಲ್ಲ. ಚಕ್ರವಿಲ್ಲದ ಕಾರಣ ಚೆಂಡುಹೂವಿನ ಹಾರವನ್ನು ದೇವರ ಪಟಕ್ಕೆ ಹಾಕಿದರು. ಎಲೆ ಹಾಕಿ ಪಾಯಸ ಬಡಿಸುವಾಗ ಅವರಿಗೆ ತಡೆಯಲಾಗಲಿಲ್ಲ.

"ರಾಯರೇ, ಸ್ಕೂಟರ್ ಅಂತೂ ಹೋಯ್ತು. ಆ ಇಂಗ್ಲಿಷ್ ಮಾತಿಗೆ ಅರ್ಥ ಏನು, ಅದಾದ್ರೂ ಸಿಗ್ಲಿ."

ಪಂಕ್ತಿಯಲ್ಲಿ ಎಲ್ಲರ ಕೈಯೂ ನಿಂತಿತು. ಆ ಮಾತಿಗೆ ಹೆದರಿಯೇ ಆಯಸ್ಸು ಕಳೆದ ಸುಂದರಮ್ಮ ಪಾಯಸದ ಸೌಟು ಹಿಡಿದು ಅಲ್ಲೇ ನಿಂತಳು. ವ್ಯಾಸರಾಯರು ಎಲೆಯನ್ನು ನೋಡುತ್ತ ಹೇಳಿದರು:

"ಅರ್ಥ ನನಗೂ ಗೊತ್ತಿಲ್ಲ. ಮಿಲ್ಲಿನಲ್ಲಿ ಮ್ಯಾನೇಜರು ನನ್ನ ಶರಟು ನೋಡಿದಾಗೆಲ್ಲ ಹಾಗಂತಿದ್ರು."