ಕೆಂಚತ್ತೆ ಕಾಲು ಚಾಚಿದ ದಿಕ್ಕು

ನಮ್ಮ ಸೋದರತ್ತೆ ಕೆಂಚಮ್ಮನಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಆ ರಾತ್ರಿಯಿಂದ ಅವರಿರುವ ದಿಕ್ಕಿಗೆ ಕಾಲು ಚಾಚಿ ಮಲಗುತ್ತಿದ್ದಳು. ಬೈಯುತ್ತಿರಲಿಲ್ಲ, ಮಣ್ಣು ತೂರುತ್ತಿರಲಿಲ್ಲ. ಕಂಬಳಿಯನ್ನು ಆ ಕಡೆಗೆ ತಿರುಗಿಸಿ ಹಾಸಿ, ಎರಡೂ ಪಾದ ಜೋಡಿಸಿ, ‘ತಗಾ’ ಎಂದು ಮಲಗಿಬಿಡುತ್ತಿದ್ದಳು. ಕೆಂಚತ್ತೆ ಯಾರ ಮೇಲೆ ಮುನಿದಿದ್ದಾಳೆಂದು ತಿಳಿಯಲು ಅವಳ ಹಾಸಿಗೆ ನೋಡಿದರೆ ಸಾಕಿತ್ತು.

ಒಮ್ಮೆ ಕೊರಟಗೆರೆ ಬಸ್ಸಿನ ಕಂಡಕ್ಟರೊಬ್ಬ ಅವಳ ಮಡಿಲಲ್ಲಿದ್ದ ಕಾಯಿಲೆಯ ಕುರಿಮರಿಯನ್ನು ನೋಡಿ ಅವಳನ್ನು ನಡುದಾರಿಯಲ್ಲಿ ಇಳಿಸಿದ. ಕೊರಟಗೆರೆ ನಮಗೆ ದಕ್ಷಿಣ. ಅತ್ತ ಕಾಲು ಚಾಚಿದರೆ ತಲೆ ಉತ್ತರಕ್ಕೆ ಬರುತ್ತದೆ. “ಬಡಗಲಿಗೆ ತಲೆ ಹಾಕಬ್ಯಾಡ ಕಣೆ, ಮನೆಗೆ ಆಗಾಕಿಲ್ಲ” ಎಂದು ಅಜ್ಜಿ ಗೋಗರೆದಳು. “ಮನೆಗೆ ಏನಾದ್ರೂ ಆಗ್ಲಿ, ಅವನಿಗೆ ನನ್ನ ಕಾಲು ಕಾಣ್ಬೇಕು” ಎಂದಳು ಅತ್ತೆ. ಅವಳು ಆ ಬಸ್ಸನ್ನು ಮತ್ತೆ ಹತ್ತಲಿಲ್ಲ. ಅದೇ ಕಂಡಕ್ಟರ್ ಒಂದು ಮಳೆಯ ದಿನ ಬಸ್ಸು ನಿಲ್ಲಿಸಿ, “ಬಾರಮ್ಮೋ, ಟಿಕೆಟ್ ಬ್ಯಾಡ” ಎಂದು ಕರೆದಾಗ, “ನಿನ್ನ ಬಸ್ಸಿನಾಗೆ ನೀನೇ ಕೂತ್ಕಂಡ್ ಹೋಗಪ್ಪ” ಎಂದು ಮಳೆಯಲ್ಲಿ ನೆನೆಯುತ್ತಲೇ ನಡೆದಳು.

ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ಬರುವಾಗ ತಂದ ಕೆಲವು ಕುರಿಗಳೇ ಬೆಳೆದು ನಮ್ಮ ಮನೆಯ ಮಂದೆಯಾಗಿದ್ದವು. ಎತ್ತರದ ಹೆಂಗಸು. ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ತನಗಿಂತ ಉದ್ದದ ಕೋಲು. ಮಂದೆಯ ಹಿಂದೆ ಹೊರಟರೆ ಶಿರಾ, ಪಾವಗಡ ಎನ್ನದೆ ತಿರುಗಿ, ಬೇಸಿಗೆಗೆ ಸರಿಯಾಗಿ ನಮ್ಮ ಸೀಮೆಗೆ ಹಿಂತಿರುಗುವಳು. ಆಗ ರೈತರು ಬಂದು ಕರೆಯುತ್ತಿದ್ದರು. ಕೊಯ್ಲು ಮುಗಿದ ಹೊಲದಲ್ಲಿ ರಾತ್ರಿಯೆಲ್ಲ ಕುರಿಗಳನ್ನು ಕೂರಿಸಿದರೆ ಹಿಕ್ಕೆ, ಗಂಜಲ ನೆಲಕ್ಕೆ ಇಳಿದು ಮುಂದಿನ ಬೆಳೆ ಏಳುತ್ತದೆ. ಇದಕ್ಕೆ ನಮ್ಮ ಕಡೆ ಮಂದೆ ಹಾಕುವುದು ಎನ್ನುತ್ತಾರೆ. ಹೊಲದವರು ರಾಗಿ ಅಳೆಯುತ್ತಾರೆ, ಕುರಿಯವರಿಗೆ ಊಟ ಕೊಡುತ್ತಾರೆ. ಯಾರ ಹೊಲ ಮೊದಲು, ಯಾರದು ಆಮೇಲೆ ಎಂಬುದನ್ನು ನಮ್ಮ ಸೀಮೆಯಲ್ಲಿ ತೀರ್ಮಾನಿಸುತ್ತಿದ್ದವಳು ಕೆಂಚತ್ತೆ. ಉಳಿದ ಮಂದೆಯವರೂ ಅವಳ ಮಾತು ಮೀರುತ್ತಿರಲಿಲ್ಲ.

ನಮ್ಮೂರಿಗೆ ಉತ್ತರಕ್ಕೆ, ಬಡವನಹಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ದೊಡ್ಡ ಹೊಲವಿತ್ತು. ಪ್ರತಿ ಬೇಸಿಗೆ ಮೊದಲ ಮಂದೆ ಅಲ್ಲಿಗೇ. ಅದರ ಯಜಮಾನರು ನಾನು ಓದುತ್ತಿದ್ದ ಖಾಸಗಿ ಕಾಲೇಜಿನ ಆಡಳಿತ ಮಂಡಳಿಯ ಸೆಕ್ರೆಟರಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆ ಕೊನೆಯವರೆಗೂ ಆ ಹೆಸರು ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ನಾನು ಆಗ ಮಧುಗಿರಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಎಂಬತ್ತರ ದಶಕದ ಆರಂಭ. ನನ್ನಂಥವರ ಫೀಜನ್ನು ಸರ್ಕಾರದ ವಿದ್ಯಾರ್ಥಿವೇತನವೇ ತುಂಬಬೇಕಿತ್ತು, ಆದರೆ ಆ ಹಣ ಬರುತ್ತಿದ್ದುದು ಪರೀಕ್ಷೆ ಮುಗಿದ ಮೇಲೆ. ಅದುವರೆಗೆ ಕಾಲೇಜು ಕಾಯುತ್ತಿತ್ತು. ಆ ವರ್ಷ ಮಾತ್ರ ಫೀಜು ಏರಿಸಬೇಕು, ಪುಕ್ಕಟೆ ಓದಿಸುವುದನ್ನು ನಿಲ್ಲಿಸಬೇಕು ಎಂಬ ಮಾತು ಎಲ್ಲೆಲ್ಲೂ ಎದ್ದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಯ ವಿಷಯವೂ ಅದೇ ಆಯಿತು: ‘ಉನ್ನತ ಶಿಕ್ಷಣದ ಖರ್ಚು ಯಾರ ಹೊಣೆ, ಓದುವವನದೋ ಸರ್ಕಾರದ್ದೋ?’ ಸೆಕ್ರೆಟರಿಯವರದೇ ಅಧ್ಯಕ್ಷತೆ. ನನ್ನ ಡೈರಿಯಲ್ಲಿ ಅದು ಫೆಬ್ರವರಿಯ ಒಂದು ಬುಧವಾರ, ಸಂತೆಯ ದಿನ ಎಂದಿದೆ.

ಸಂತೆಗೆ ಉಣ್ಣೆ ತಂದಿದ್ದ ಅತ್ತೆ ನಾನು ಮಾತಾಡುವುದನ್ನು ಕೇಳಲು ಬಂದು, ಒಳಗೆ ಬರದೆ ಕಿಟಕಿಯ ಹತ್ತಿರ ನಿಂತಳು. ಸರಳುಗಳ ನಡುವೆ ಅವಳ ಕೋಲಿನ ತುದಿ ಕಾಣುತ್ತಿತ್ತು. “ವಿದ್ಯಾರ್ಥಿವೇತನ ಬರುವ ತನಕ ಕಾಯಲು ಕಟ್ಟಡ, ಜಮೀನು ಇರುವ ಕಾಲೇಜಿಗೇ ಆಗದಿದ್ದರೆ, ಏನೂ ಇಲ್ಲದವನು ಮುಂಗಡ ಎಲ್ಲಿಂದ ತರಬೇಕು?” ಎಂದು ನಾನು ಮುಗಿಸಿದಾಗ ಚಪ್ಪಾಳೆ ಬಿತ್ತು. ನನಗೆ ಎರಡನೇ ಬಹುಮಾನವಾಗಿ ಒಂದು ಸ್ಟೀಲ್ ಬಟ್ಟಲು ಬಂತು. ಸೆಕ್ರೆಟರಿಯವರೇ ಅದನ್ನು ನನ್ನ ಕೈಗಿತ್ತು ಮೈಕಿನ ಮುಂದೆ ನಿಂತರು.

“ಹುಡುಗ ಚೆನ್ನಾಗಿ ಮಾತಾಡಿದ. ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ನನ್ನ ಹೊಲಕ್ಕೆ ಬೀಳುವ ಕುರಿ ಹಿಕ್ಕೆಗೂ ನಾನು ರಾಗಿ ಅಳೆಯುತ್ತೇನೆ. ಎಲ್ಲರೂ ಬಿ.ಎ. ಮಾಡಿಬಿಟ್ಟರೆ ನಾಳೆ ಕುರಿ ಹಿಂದೆ ಹೋಗುವವರು ಯಾರಪ್ಪ?”

ಸಭೆ ನಕ್ಕಿತು. ಮುಂದಿನ ಸಾಲಿನ ಅಧ್ಯಾಪಕರೂ ನಕ್ಕರು. ಕಿಟಕಿಯಲ್ಲಿ ಕೋಲಿನ ತುದಿ ಇರಲಿಲ್ಲ.

ಮನೆ ಸೇರಿದ ಮೇಲೆ ಅತ್ತೆ ನನ್ನ ಬಹುಮಾನದ ಬಟ್ಟಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಒಳ್ಳೇ ಪಾತ್ರೆ” ಎಂದಳು. ಅದಕ್ಕೆ ನೀರು ತುಂಬಿ ಮಂದೆಯ ನಾಯಿಯ ಮುಂದಿಟ್ಟಳು. ಆ ರಾತ್ರಿ ಅವಳ ಕಾಲು ಉತ್ತರಕ್ಕೆ ತಿರುಗಿತು.

ಮಾರ್ಚ್ ತಿಂಗಳಲ್ಲಿ ಕಾಲೇಜಿನಲ್ಲಿ ನೋಟಿಸು ಬಿತ್ತು. ವಿದ್ಯಾರ್ಥಿವೇತನದವರು ಪೂರ್ತಿ ಫೀಜನ್ನು ಮೊದಲೇ ಕಟ್ಟಬೇಕು. ಸರ್ಕಾರದ ಹಣ ಬಂದ ಮೇಲೆ ವಾಪಸು ಕೊಡಲಾಗುವುದು. ಕಟ್ಟದವರಿಗೆ ಹಾಲ್ ಟಿಕೆಟ್ ಇಲ್ಲ. ಅದಿಲ್ಲದೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವಂತಿಲ್ಲ. ನನ್ನ ತರಗತಿಯಲ್ಲಿ ಕಟ್ಟಲಾಗದವರು ಏಳು ಜನರಿದ್ದೆವು. ನಮ್ಮಲ್ಲಿ ಒಬ್ಬಳೇ ಹುಡುಗಿ, ದೊಡ್ಡೇರಿ ಕಡೆಯ ಜಯಮ್ಮ.

ಅತ್ತೆ ಎಲ್ಲ ಕೇಳಿ, ಕಂಬಳಿ ಕೊಡವಿ, ಮರುದಿನ ಮಂದೆಗಳಿರುವ ಕಡೆಗೆಲ್ಲ ಹೊರಟಳು. ಶಿರಾ ದಾರಿಯಲ್ಲಿದ್ದವರನ್ನು ಕಂಡಳು, ನಾಗಲಮಡಿಕೆ ಕಡೆಯಿಂದ ಬರುತ್ತಿದ್ದವರನ್ನು ಹಳ್ಳದಲ್ಲಿ ನಿಲ್ಲಿಸಿದಳು. ನಾನು ಜೊತೆಗಿದ್ದೆ. ಪಾವಗಡದ ಮುದುಕನೊಬ್ಬ ಕಾರಣವನ್ನೂ ಕೇಳದೆ, “ಸರೇಲೇ ಅಕ್ಕಾ, ಆ ಚೇನುಕಿ ಪೋಮು” ಎಂದ. ಸೆಕ್ರೆಟರಿಯವರ ಹೊಲಕ್ಕೆ ಹೋಗುವುದಿಲ್ಲ ಎಂದು ತೆಲುಗಿನಲ್ಲಿ ಅವನ ಮಾತು. ಅವನ ಮಗ ಮಾತ್ರ, “ಅವರು ರಾಗಿ ದಂಡಿಯಾಗಿ ಅಳೀತಾರಲ್ಲಕ್ಕ” ಎಂದು ರಾಗ ಎಳೆದ. ಅತ್ತೆ ನನ್ನ ಕಡೆ ಕೋಲು ತೋರಿಸಿ, “ಇವನ್ ನೋಡ್ಲಾ. ಇವನು ಓದಿದ್ರೆ ಕುರಿ ಕಾಯೋರು ಯಾರು ಅಂತ ಕೇಳ್ದ ಆಯಪ್ಪ. ನಾನು ತೋರುಸ್ತೀನಿ, ಕುರಿ ಕಾಯೋರು ಯಾರು ಅಂತ” ಎಂದಳು.

ಸೆಕ್ರೆಟರಿಯವರ ಆಳು ಎರಡು ಸಲ ಬಂದು ಹೋದ. ಹೆಚ್ಚಿಗೆ ರಾಗಿಗಾಗಿ ಹೀಗೆ ಮಾಡುತ್ತಿದ್ದಾಳೆಂದು ಅವರು ತಿಳಿದಿದ್ದರು. ಕೊನೆಗೆ ಪರೀಕ್ಷೆಗೆ ಮೂರು ದಿನವಿರುವಾಗ, ಸಂಜೆ, ತಾವೇ ಕಾರಿನಲ್ಲಿ ಮಂದೆಯ ಹತ್ತಿರ ಬಂದರು.

“ಏನಮ್ಮ ಕೆಂಚಮ್ಮ, ಈ ಸಲ ನಮ್ಮ ಹೊಲ ಮರೆತೇ ಬಿಟ್ಟೆಯಲ್ಲ?”

“ಮರ್ತಿಲ್ಲ ಸೋಮಿ. ಮರೆಯೋ ಅಭ್ಯಾಸ ನಂಗಿಲ್ಲ.”

“ರಾಗಿ ಎಷ್ಟು ಬೇಕು ಹೇಳು, ಅಳೆಸುತ್ತೀನಿ.”

“ನಿಮ್ ರಾಗಿ ನಿಮ್ ಕಣಜದಾಗೇ ಇರ್ಲಿ ಬುಡಿ.”

ಅವರು ನನ್ನನ್ನು ನೋಡಿದರು. “ಇವನು ನಿಮ್ಮ ಅಣ್ಣನ ಮಗ ತಾನೆ? ನಾಳೆ ಮಂದೆ ಹೊಡೆದುಕೊಂಡು ಬಾ. ನಾಡಿದ್ದು ಇವನ ಹಾಲ್ ಟಿಕೆಟ್ ಮನೆಗೇ ಕಳಿಸುತ್ತೀನಿ.”

“ಮಿಕ್ಕಿದ ಹುಡುಗ್ರುದು?”

“ಅವರಿಗೆ ಮಂದೆ ಇದೆಯಾ?” ಎಂದು ಸೆಕ್ರೆಟರಿಯವರು ನಕ್ಕರು.

ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿದಳು. “ಲೇ ಈರ, ಈ ಸಲ ಪರೀಕ್ಸೆ ಬರೀದಿದ್ರೆ ಸಾಯ್ತೀಯೇನ್ಲಾ?”

ವರ್ಷವೆಲ್ಲ ಓದಿದ್ದೆ. ಟಿಪ್ಪಣಿಗಳನ್ನೆಲ್ಲ ಎರಡೆರಡು ಸಲ ಬರೆದಿದ್ದೆ. ಆದರೆ ಆ ನಗು ಇನ್ನೂ ಅವರ ಮುಖದ ಮೇಲಿತ್ತು, ಸಭೆಯಲ್ಲಿ ನಕ್ಕಿದ್ದೂ ಹಾಗೆಯೇ. “ಇಲ್ಲತ್ತೆ” ಎಂದೆ.

“ಕೇಳುಸ್ತಾ ಸೋಮಿ? ಹುಡುಗ ಸಾಯಾಕಿಲ್ವಂತೆ. ನಿಮ್ ಹೊಲದ್ದು ನಂಗೊತ್ತಿಲ್ಲ.”

ಪರೀಕ್ಷೆಯ ದಿನ ನಾನು ಮಂದೆಯ ಜೊತೆ ಕೂತಿದ್ದೆ. ಸಹಪಾಠಿಗಳಿದ್ದ ಬಸ್ಸು ಮಧುಗಿರಿಗೆ ಹೋಗುವುದನ್ನು ನೋಡಿದೆ. ಅತ್ತೆ ಸಮಾಧಾನ ಹೇಳಲಿಲ್ಲ. “ಎದ್ದು ಬಾ, ಕೆಲಸ ಐತೆ” ಎಂದಳಷ್ಟೆ.

ಕೆಲಸ ಏನೆಂದರೆ, ಸೆಕ್ರೆಟರಿಯವರ ಹೊಲದ ಸುತ್ತಲಿನ ನಾಲ್ಕೂ ಹೊಲಗಳಿಗೆ ಮಂದೆ ಹಾಕುವುದು. ಒಂದು ಸೇರು ರಾಗಿಯನ್ನೂ ತೆಗೆದುಕೊಳ್ಳದೆ, ಪುಕ್ಕಟೆ. ಅಲ್ಲಿಯ ಸಣ್ಣ ರೈತರು ನಂಬಲಿಲ್ಲ. ಮುದುಕಿಯೊಬ್ಬಳು, “ಸುಮ್ನೆ ಯಾಕ್ ಹಾಕ್ತೀಯ ತಾಯಿ?” ಎಂದು ಹೆದರಿಕೊಂಡೇ ಕೇಳಿದಳು. “ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರಾಕಿಲ್ವಂತೆ ಕಣಮ್ಮ. ಇರುತ್ತೋ ಇಲ್ವೋ ನೋಡಾನ ಅಂತ” ಎಂದಳು ಅತ್ತೆ. ಇಡೀ ಸೀಮೆಯ ಮಂದೆಗಳು ಸರದಿಯಲ್ಲಿ ಬಂದು ಅಲ್ಲಿ ಕೂತವು. ಒಂದು ಕುರಿಯೂ ನಡುವಿನ ಬದು ದಾಟದಂತೆ ಅವಳು ಕಾದಳು. ಹೊಲ ಬದಲಾದಂತೆ ಅವಳ ಕಾಲಿನ ದಿಕ್ಕೂ ಬದಲಾಗುತ್ತಿತ್ತು. ಪೂರ್ವದ ಹೊಲದಲ್ಲಿದ್ದಾಗ ಪಶ್ಚಿಮಕ್ಕೆ, ಉತ್ತರದ ಹೊಲದಲ್ಲಿದ್ದಾಗ ದಕ್ಷಿಣಕ್ಕೆ. ತಲೆ ಬಡಗಲಿಗೆ ಬಂದರೂ ಲೆಕ್ಕಿಸಲಿಲ್ಲ.

ಮಳೆಗಾಲದಲ್ಲಿ ಸುತ್ತಲಿನ ರಾಗಿ ಕಪ್ಪುಹಸಿರಾಗಿ ಎದ್ದಿತು. ನಡುವಿನ ದೊಡ್ಡ ಹೊಲ ಮಾತ್ರ ಬಿಳಿಚಿಕೊಂಡು ನಿಂತಿತು. ಸೆಕ್ರೆಟರಿಯವರು ಚೀಲಗಟ್ಟಲೆ ಯೂರಿಯಾ ಸುರಿಸಿದರು. ಮಳೆ ಹಿಂದೆಗೆದ ವಾರ ಅದು ಇದ್ದ ಪೈರನ್ನೂ ಸುಟ್ಟಿತು. ರಸ್ತೆಯ ಬಸ್ಸಿನಲ್ಲಿ ಹೋಗುವವರು ತಲೆ ಹೊರಗೆ ಹಾಕಿ ನೋಡಿ, ‘ಸೆಕ್ರೆಟ್ರಿ ಬೋಳುತಲೆ’ ಎಂದು ಆ ಹೊಲಕ್ಕೆ ಹೆಸರಿಟ್ಟರು. ಆ ಬಸ್ಸಿನಲ್ಲಿ ನಾನು ಬೇಕೆಂದೇ ಆ ಬದಿಯ ಕಿಟಕಿಗೆ ಕೂರುತ್ತಿದ್ದೆ.

ಅಕ್ಟೋಬರ್ ಹೊತ್ತಿಗೆ ವಿದ್ಯಾರ್ಥಿವೇತನ ಬಂದಿತ್ತು. ನಾನು ಪೂರಕ ಪರೀಕ್ಷೆ ಬರೆದು ಪಾಸಾದೆ. ಏಳು ಜನರಲ್ಲಿ ಆಗ ಬರೆದವರು ಮೂವರು. ಜಯಮ್ಮನಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಚರ್ಚೆಗೆ ನಾನು ಸಿದ್ಧವಾಗಲು ಪತ್ರಿಕೆಗಳನ್ನು ಹುಡುಕಿ ತಂದುಕೊಟ್ಟಿದ್ದವಳು ಅವಳೇ.

ಮುಂದಿನ ಬೇಸಿಗೆಗೆ ಮೊದಲು ಕಾಲೇಜಿನ ಜವಾನ ಮನೆಗೆ ಬಂದ. ಆ ನೋಟಿಸನ್ನು ಕಿತ್ತುಹಾಕಿದ್ದಾರೆ, ಇನ್ನು ವಿದ್ಯಾರ್ಥಿವೇತನದವರು ಮುಂಗಡ ಕಟ್ಟಬೇಕಿಲ್ಲ, ಎಲ್ಲರಿಗೂ ಹಾಲ್ ಟಿಕೆಟ್ ಕೊಡುತ್ತಾರೆ ಎಂದ. ಹೇಳಿ, “ಇನ್ನಾದ್ರೂ ಮಂದೆ ಬರುತ್ತೇನಮ್ಮ ಅಂತ ಕೇಳ್ಕೊಂಡು ಬಾ ಅಂದ್ರು” ಎಂದು ನಿಂತ.

ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟಳು. “ಒಳ್ಳೇದಾತು ಕಣಪ್ಪ, ಹುಡುಗ್ರು ಓದ್ಲಿ.”

“ಮಂದೆ?”

“ಅದು ಹುಡುಗ್ರುದಾತು. ನಂದು ಬ್ಯಾರೆ ಐತೆ” ಎಂದಳು.

ಆ ಹೊಲಕ್ಕೆ ಮಂದೆ ಹಾಕಿದ ರಾತ್ರಿಗಳೆಷ್ಟು ಎಂದು ಪ್ರತಿ ಬೇಸಿಗೆಯ ಕೊನೆಗೆ ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಸೊನ್ನೆ. ಮರುವರ್ಷವೂ ಸೊನ್ನೆ. ಅಷ್ಟೊಂದು ಹಗೆ ಒಳ್ಳೆಯದಲ್ಲ ಎಂದು ನನ್ನ ತಂದೆಗೂ ಅನಿಸಿತ್ತು. ನನಗೆ ಇವತ್ತಿಗೂ ಹಾಗೆ ಅನಿಸಿಲ್ಲ. ನೋಟಿಸನ್ನು ಕಿತ್ತುಹಾಕಬಹುದು. ಜಯಮ್ಮನ ಆ ಪರೀಕ್ಷೆಯನ್ನು ಯಾರು ವಾಪಸು ಕೊಟ್ಟರು?

ಪಾವಗಡದ ಹೈಸ್ಕೂಲೊಂದರಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಹಲವು ವರ್ಷ ಕಳೆದ ಮೇಲೆ ಅತ್ತೆಗೆ ಹುಷಾರಿಲ್ಲವೆಂದು ಕೇಳಿ ಊರಿಗೆ ಬಂದೆ. ಗಾಳಿ ಬರಲೆಂದು ಅಮ್ಮ ಅವಳ ಮಂಚವನ್ನು ಬಾಗಿಲಿಗೆ ಅಡ್ಡಲಾಗಿ ಹಾಕಿದ್ದಳು. ಅತ್ತೆ ಸೊರಗಿದ್ದಳು. ನನ್ನನ್ನು ಕಂಡೊಡನೆ, “ತಿರುಗ್ಸು ನನ್ನ” ಎಂದಳು.

“ಅತ್ತೆ, ಅವರು ಈಗ ಮುದುಕರಾಗಿದಾರೆ. ಸೆಕ್ರೆಟರಿಗಿರಿಯೂ ಹೋಯ್ತು.”

“ಹೊಲ ಐತಾ?”

“ಐತೆ.”

“ಅಂಗಾದ್ರೆ ತಿರುಗ್ಸು.”

ನಾನೂ ಅಮ್ಮನೂ ಮಂಚವನ್ನು ಎತ್ತಿ ತಿರುಗಿಸಿದೆವು. ಅವಳು ಎರಡೂ ಪಾದ ಜೋಡಿಸಿಕೊಂಡು ಕಣ್ಣು ಮುಚ್ಚಿದಳು.

ಆ ವಾರವೇ ತೀರಿಕೊಂಡಳು. ನಮ್ಮಲ್ಲಿ ಹೂಳುವಾಗ ತಲೆಯನ್ನು ದಕ್ಷಿಣಕ್ಕಿಡುವುದು ಪದ್ಧತಿ, ಕಾಲು ತಾನಾಗಿ ಉತ್ತರಕ್ಕೆ ಬರುತ್ತದೆ. ಶಿರಾ, ಪಾವಗಡದಿಂದ ಬಂದ ಕುರಿಯವರು ಕೋಲೂರಿಕೊಂಡು ಸುತ್ತ ನಿಂತಿದ್ದರು. ಅಷ್ಟರಲ್ಲಿ ಸೆಕ್ರೆಟರಿಯವರು ಹೂವಿನ ಹಾರ ಹಿಡಿದು ಬಂದರು. “ಹಳೆಯದೆಲ್ಲ ಮರೆತುಬಿಡೋಣ ಕಣಪ್ಪ” ಎಂದು ನನ್ನ ಭುಜ ಮುಟ್ಟಿದರು. ಎಲ್ಲಿ ನಿಲ್ಲಲಿ ಎಂಬಂತೆ ಸುತ್ತ ನೋಡಿದರು. ಕುರಿಯವರು ಯಾರೂ ಕದಲಲಿಲ್ಲ, ಎಲ್ಲರೂ ನನ್ನ ಮುಖವನ್ನೇ ನೋಡಿದರು.

ಅತ್ತೆಯ ಪಾದಗಳ ಕಡೆ ನಿಂತಿದ್ದ ನಾನು ಎರಡು ಹೆಜ್ಜೆ ಸರಿದು ಅವರಿಗೆ ಜಾಗ ಮಾಡಿಕೊಟ್ಟೆ.

“ಇಲ್ಲೇ ನಿಂತ್ಕೊಳ್ಳಿ ಸಾರ್.”