ಕೊಡದೆ ಉಳಿಸಿಕೊಂಡ ಉತ್ತರಗಳು

ತಾಳಮದ್ದಳೆಯ ಕೂಟದಲ್ಲಿ ಯಕ್ಷಗಾನದಲ್ಲಿರುವ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಕುಳಿತಲ್ಲೇ ಮಾತಿನಲ್ಲಿ ಎದುರಿನವರನ್ನು ಸೋಲಿಸಬೇಕು. ಹೀಗೆ ಮಾತಾಡುವ ನಮ್ಮಂಥ ಹವ್ಯಾಸಿ ಅರ್ಥಧಾರಿಗಳ ಆಸ್ತಿಯೆಂದರೆ ಪ್ರಶ್ನೆ, ಉತ್ತರ ಬರೆದಿಟ್ಟ ಟಿಪ್ಪಣಿ ಪುಸ್ತಕ. ನನ್ನದನ್ನು ಕಪಾಟಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಅಡಿಯಲ್ಲಿ ಇಟ್ಟಿದ್ದೆ. ಅವಳ ಚಿನ್ನ ಎಲ್ಲಿದೆಯೆಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ.

ನನ್ನ ಕಾಯಂ ಎದುರಾಳಿ ನನ್ನ ಗೆಳೆಯನೇ. ಸುಳ್ಯದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದವನು. ಅವನು ದೂತ, ನಾನು ರಾಜ. ಇಪ್ಪತ್ತು ವರ್ಷ ಹೀಗೇ ಜಗಳವಾಡಿದೆವು. ಬೀಗ ಹಾಕಿದ ಪುಸ್ತಕದ ಕಪಾಟು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಸರಕಾರದ ದುಡ್ಡಿನಲ್ಲಿ ಬರೆದ ಪ್ರಬಂಧಗಳನ್ನು ಜನರಿಗೆ ಉಚಿತವಾಗಿ ಓದಲು ಕೊಡಿ ಎಂದು ಸಿಕ್ಕಸಿಕ್ಕ ವಿಶ್ವವಿದ್ಯಾಲಯಗಳಿಗೆಲ್ಲ ಕಾಗದ ಬರೆದ. ನಿವೃತ್ತನಾದ ಮೇಲೆ ಮನೆಮನೆ ತಿರುಗಿ ತಾಳಮದ್ದಳೆ ಪ್ರಸಂಗಗಳ ಹಳೆಯ ಹಸ್ತಪ್ರತಿಗಳ ಫೋಟೋ ತೆಗೆದು, ಬೇಕಾದವರು ಇಳಿಸಿಕೊಳ್ಳಲಿ ಎಂದು ಜಾಲತಾಣಕ್ಕೆ ಹಾಕಿದ. ತನ್ನ ಟಿಪ್ಪಣಿ ಪುಸ್ತಕವನ್ನೂ ಹಾಕಿಬಿಟ್ಟ. ಆಮೇಲೆ ನನ್ನದನ್ನು ಕೇಳಿಕೊಂಡು ಬಂದ.

“ಕೊಡು ಮಾರಾಯ, ಫೋಟೋ ತೆಗ್ದು ವಾಪಸ್ ಕೊಡ್ತೇನೆ. ಎಂತ ಉಂಟು ಅದ್ರಲ್ಲಿ, ನಿಧಿಯಾ?”

“ಕೊಟ್ರೆ ನನ್ನ ಬಾಯಿ ಮುಚ್ಚಿಸ್ಲಿಕ್ಕೆ ನಿಂಗೆ ಸುಲಭ ಆಗ್ತದೆ.”

“ನನ್ನದು ಎಲ್ಲ ಹಾಕಿದ್ದೇನಲ್ಲ, ನೋಡ್ಲಿಲ್ವಾ ನೀನು?”

ಇಲ್ಲ ಎಂದೆ. ನೋಡಿದ್ದೆ. ಪ್ರತಿ ಕೂಟಕ್ಕೆ ಮುಂಚೆ ಫೋನಿನಲ್ಲಿ ಅವನ ಪ್ರಶ್ನೆಗಳನ್ನು ಓದಿ, ಉತ್ತರ ಕಟ್ಟಿಕೊಂಡೇ ಹೋಗುತ್ತಿದ್ದೆ. ಅದು ಅವನಿಗೂ ಗೊತ್ತಿತ್ತೆಂದು ಈಗ ಅನಿಸುತ್ತದೆ.

ಹೋದ ವರ್ಷ ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕೇಳಿದ, “ಪುಸ್ತಕ ತಂದಿಯಾ?”

“ಮುಂದಿನ ವಾರ ತರ್ತೇನೆ” ಎಂದೆ. ತರುವ ಮನಸ್ಸು ಇರಲಿಲ್ಲ. ಮುಂದಿನ ವಾರಕ್ಕೆ ಅವನೇ ಇರಲಿಲ್ಲ.

ಬೆಳ್ಳಾರೆಯಲ್ಲಿ ಅವನ ನೆನಪಿಗೆ ಕೂಟ ಇಟ್ಟರು. ದೂತನ ಪಾತ್ರಕ್ಕೆ ಕಡಬದ ಶಾಲೆಯೊಂದರ ಟೀಚರ್, ಅರ್ಥಗಾರಿಕೆಗೆ ಹೊಸಬರು. ಅವನ ಜಾಲತಾಣವನ್ನು ಈಗ ನೋಡಿಕೊಳ್ಳುವವರೂ ಅವರೇ. ಬಾಯಿ ತೆರೆದರೆ ಅವನದೇ ಪ್ರಶ್ನೆಗಳು, ಅವನದೇ ಕೊಂಕು. ಆದರೂ ಚಟ ಬಿಡಬೇಕಲ್ಲ. ಬಚ್ಚಿಟ್ಟ ಉತ್ತರಗಳನ್ನು ಒಂದೊಂದಾಗಿ ಹೊರತೆಗೆದೆ. ಮೂರನೆಯದಕ್ಕೆ ಅವರು ತಡವರಿಸಿ ಸುಮ್ಮನಾದರು. ಸಭೆ ನನಗೆ ಚಪ್ಪಾಳೆ ತಟ್ಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ನನ್ನದು ಆ ಚಪ್ಪಾಳೆಯಲ್ಲಿ ಹೋಯಿತು.

ಚಹಾ ಕುಡಿಯುವಾಗ ಟೀಚರ್ ಹೇಳಿದರು, “ಸರ್, ಅವರ ಪ್ರಶ್ನೆ ಎಲ್ಲ ಉಂಟು ಜಾಲತಾಣದಲ್ಲಿ. ನಿಮ್ಮ ಉತ್ತರ ಮಾತ್ರ ಎಲ್ಲಿಯೂ ಇಲ್ಲ. ಅದು ಗೊತ್ತಿಲ್ಲದೆ ಮುಂದಿನ ಮಾತು ಕಟ್ಟುದು ಹೇಗೆ?”

ಮನೆಗೆ ಬಂದು ಪುಸ್ತಕ ಬಿಚ್ಚಿದೆ. ಯಾವ ಪುಟ ತೆರೆದರೂ ಮೊದಲ ಸಾಲು ಒಂದೇ: ‘ಅವನು ಹೀಗೆ ಕೇಳಿದ.’ ನನ್ನದೆಂದು ಬಚ್ಚಿಟ್ಟದ್ದರಲ್ಲಿ ಅರ್ಧ ಅವನದು. ಯಾರಿಂದ ಬಚ್ಚಿಡುತ್ತಿದ್ದೆನೋ ಅವನೂ ಈಗ ಇಲ್ಲ. ಸೀರೆಗಳ ಮುಂದೆ ಕುಳಿತು ಅತ್ತುಬಿಟ್ಟೆ.

ಮರುದಿನ ಕಡಬದ ಬಸ್ಸು ಹತ್ತಿದೆ. ಶಾಲೆಯ ಜಗಲಿಯಲ್ಲಿ ಪುಸ್ತಕವನ್ನು ಟೀಚರ್ ಕೈಗಿಟ್ಟೆ.

“ಒಂದು ಪುಟ ಬಿಡದೆ ಫೋಟೋ ತೆಗ್ದು ಹಾಕಿ. ಮುಂದಿನ ಕೂಟದಲ್ಲಿ ನನ್ನ ಬಾಯಿ ಮುಚ್ಚಿಸ್ಬೇಕು ನೀವು.”